ಜಾಂಜಿಬಾರ್‌ಗೆ ಹೊರಟಿದ್ದೇವೆ: ಏನು ತಿನ್ನೋದು, ಏನು ತರೋದು, ಯಾವ ಹಬ್ಬ ನೋಡೋದು?

ತುಂಗಾತೀರ

ಎಲ್ಲರಿಗೂ ನಮಸ್ಕಾರ. ಈ ಜುಲೈ ಮೂರನೇ ವಾರ ಟಾಂಜಾನಿಯಾದ ಜಾಂಜಿಬಾರ್ ದ್ವೀಪಕ್ಕೆ ಹೊರಡುವುದು ಅಂತ ಮನೆಯಲ್ಲಿ ತೀರ್ಮಾನವಾಗಿದೆ. ನಾನು, ನಮ್ಮ ಯಜಮಾನರು, ಅತ್ತೆ. ಟಿಕೆಟ್, ವೀಸಾ ಎಲ್ಲಾ ಆಯ್ತು. ಆದರೆ ಎಲ್ಲಿ ಹುಡುಕಿದರೂ ಬೀಚ್ ರೆಸಾರ್ಟ್ ಫೋಟೋಗಳೇ ಸಿಗುತ್ತವೆ. ಕಡಲು ನಮಗೂ ಬೇಕು. ಅದಕ್ಕಿಂತ ಜಾಸ್ತಿ ಊರು ಬೇಕು. ಸಂತೆ, ಅಡುಗೆ, ಅಲ್ಲಿಯವರ ಹಬ್ಬ.

ಅತ್ತೆ ಅಪ್ಪಟ ಸಸ್ಯಾಹಾರಿ. ಮೊಟ್ಟೆಯನ್ನೂ ಮುಟ್ಟುವುದಿಲ್ಲ. ಅವಲಕ್ಕಿ, ಚಟ್ನಿಪುಡಿ, ಹುರಿಹಿಟ್ಟು ಅಂತ ಅರ್ಧ ಸೂಟ್‌ಕೇಸ್ ಈಗಲೇ ತುಂಬಿಸಿದ್ದಾರೆ. ಅಷ್ಟೆಲ್ಲಾ ಹೊತ್ತುಕೊಂಡು ಹೋಗಬೇಕಾ? ಯಜಮಾನರು ಎಲ್ಲವನ್ನೂ ತಿನ್ನುತ್ತಾರೆ, ಅವರ ಚಿಂತೆ ಇಲ್ಲ. ತರೋದಕ್ಕೆ ಏನು ಒಳ್ಳೆಯದು? ಆ ಹೊತ್ತಿಗೆ ಅಲ್ಲಿ ಯಾವುದಾದರೂ ಹಬ್ಬ ಇರುತ್ತದಾ? ಹೋಗಿ ಬಂದವರು, ಅಲ್ಲೇ ಇರುವವರು ದಯವಿಟ್ಟು ಬರೆಯಿರಿ. ಉದ್ದವಾದರೂ ಪರವಾಗಿಲ್ಲ.

ದಾರ್ ಕನ್ನಡಿಗ

ನಾನು ದಾರ್ ಎಸ್ ಸಲಾಮ್‌ನಲ್ಲಿ ಕೆಲಸದಲ್ಲಿದ್ದೇನೆ. ಎದುರಿಗಿರುವ ದ್ವೀಪಕ್ಕೆ ಹೋಗಿಬರುವುದು ನಮಗೆ ರೂಢಿ. ವೇಗದ ಫೆರಿಯಲ್ಲಿ ಸುಮಾರು ಎರಡು ಗಂಟೆ ದಾರಿ, ಅಷ್ಟೇ.

ಅತ್ತೆಯವರ ಅವಲಕ್ಕಿ ಸ್ವಲ್ಪ ಇರಲಿ, ಆದರೆ ಅರ್ಧ ಸೂಟ್‌ಕೇಸ್ ಖಂಡಿತ ಬೇಡ. ನನ್ನ ಸಲಹೆ ಒಂದೇ. ಆ ಊರು ಯಾವ ಹೊತ್ತಿಗೆ ಏನು ತಿನ್ನುತ್ತದೋ, ನೀವೂ ಆ ಹೊತ್ತಿಗೆ ಅದನ್ನೇ ತಿನ್ನಿ. ಹೋಟೆಲಿನ ಬಫೆಯಲ್ಲಿ ಒಂಬತ್ತೂವರೆಗೆ ಬ್ರೆಡ್ಡು ಜಾಮು ತಿಂದು, ಮಧ್ಯಾಹ್ನ ಬಿಸಿಲಲ್ಲಿ ಪಿಜ್ಜಾ ಹುಡುಕುತ್ತಾ ಹೋದರೆ ದುಡ್ಡೂ ಹೋಗುತ್ತದೆ, ರುಚಿಯೂ ಸಿಗುವುದಿಲ್ಲ.

ಬೆಳಿಗ್ಗೆ ಏಳು ಗಂಟೆಗೆ ಸ್ಟೋನ್ ಟೌನ್, ಅಂದರೆ ಜಾಂಜಿಬಾರ್‌ನ ಹಳೇ ಪಟ್ಟಣದ ಓಣಿಗಳಲ್ಲಿ ಹೆಂಗಸರು ಒಲೆ ಹಚ್ಚಿರುತ್ತಾರೆ. ವಿತುಂಬುವಾ ಅಂತ ಒಂದಿದೆ. ನೆನೆಸಿದ ಅಕ್ಕಿ, ತೆಂಗಿನ ಹಾಲು, ಏಲಕ್ಕಿ, ಸ್ವಲ್ಪ ಸಕ್ಕರೆ. ರುಬ್ಬಿ ಉಬ್ಬಲು ಬಿಟ್ಟು, ನಮ್ಮ ಪಡ್ಡಿನ ಕಾವಲಿಯಂಥದ್ದೇ ಗುಳಿ ಗುಳಿ ಬಾಣಲೆಯಲ್ಲಿ ಎಣ್ಣೆ ಬಿಟ್ಟು ಬೇಯಿಸುತ್ತಾರೆ. ಸೂಜಿಯಂಥ ಕಡ್ಡಿಯಲ್ಲಿ ಪಟಪಟನೆ ತಿರುವಿ ಹಾಕುವುದನ್ನು ನಿಂತು ನೋಡಬೇಕು. ಅಂಚು ಗರಿಗರಿ, ಒಳಗೆ ಮೆತ್ತಗೆ. ಜೊತೆಗೆ ಶುಂಠಿ ಹಾಕಿದ ಚಹಾ. ಹಾಲಿನ ಚಹಾ ಬೇಕಾದರೆ ಚಾಯ್ ಯಾ ಮಜಿವಾ ಅನ್ನಿ, ಕಪ್ಪು ಚಹಾ ಬೇಕಾದರೆ ಚಾಯ್ ಯಾ ರಂಗಿ.

ತೊಗರಿಕಾಳನ್ನು ತೆಂಗಿನ ಹಾಲಿನಲ್ಲಿ ಬೇಯಿಸಿದ ಎಂಬಾಜಿ ಕೂಡ ಬೆಳಗಿನ ತಿಂಡಿಯೇ. ಚಪಾತಿ ಜೊತೆ ತಿನ್ನುತ್ತಾರೆ. ಹೌದು, ಅಲ್ಲೂ ಚಪಾತಿ ಅಂತಲೇ ಕರೆಯುತ್ತಾರೆ. ಮೈದಾದ್ದು, ಎಣ್ಣೆ ಜಾಸ್ತಿ, ಪದರ ಪದರ. ಮಂಡಾಜಿ ಅಂತ ಉಬ್ಬಿದ ಸಿಹಿ ರೊಟ್ಟಿ ಕರಿದಿರುತ್ತಾರೆ. ಕೆಲವರು ಅದಕ್ಕೆ ಮೊಟ್ಟೆ ಹಾಕುತ್ತಾರೆ, ಕೇಳಿಕೊಳ್ಳಿ.

ಇನ್ನು ರಾಗಿ. ಅತ್ತೆಗೆ ಇದನ್ನು ಖಂಡಿತ ಹೇಳಿ. ರಾಗಿಯ ಮೂಲ ಊರೇ ಪೂರ್ವ ಆಫ್ರಿಕದ ಎತ್ತರದ ಪ್ರದೇಶ. ಅಲ್ಲಿಂದ ಸಾವಿರಾರು ವರ್ಷಗಳ ಹಿಂದೆ ನಮ್ಮ ಕಡೆ ಬಂದದ್ದು. ಇಲ್ಲಿ ಉಲೇಜಿ ಅಂತಾರೆ. ಬೆಳಿಗ್ಗೆ ರಾಗಿ ಗಂಜಿ, ಅಂದರೆ ಉಜಿ ವಾ ಉಲೇಜಿ, ಕಪ್ಪಿನಲ್ಲಿ ಕುಡಿಯಲು ಸಿಗುತ್ತದೆ. ಸಕ್ಕರೆ ಹಾಕಿರುತ್ತಾರೆ, ಉಪ್ಪು ಮಜ್ಜಿಗೆ ನಿರೀಕ್ಷಿಸಬೇಡಿ.

ಮಧ್ಯಾಹ್ನ ಊಟಕ್ಕೆ ಸಣ್ಣ ಖಾನಾವಳಿಗಳು. ತೆಂಗಿನ ಹಾಲಿನ ಅನ್ನ, ತೆಂಗಿನ ಹಾಲಿನಲ್ಲೇ ಬೆಂದ ಕೆಂಪು ಹುರುಳಿಕಾಯಿ ಬೀಜ, ಅದಕ್ಕೆ ಮಹರಾಗೆ ಅಂತಾರೆ, ಪಕ್ಕದಲ್ಲಿ ಮ್ಚಿಚಾ ಅನ್ನೋ ಹರಿವೆ ಸೊಪ್ಪಿನ ಪಲ್ಯ, ಈರುಳ್ಳಿ ಟೊಮೇಟೊ ನಿಂಬೆಹಣ್ಣಿನ ಕಾಚುಂಬಾರಿ. ನಮ್ಮ ಹೊಟ್ಟೆಗೆ ಇದಕ್ಕಿಂತ ಏನು ಬೇಕು ಹೇಳಿ? ಮ್ಕುನಾಜಿನಿಯ ಲುಕ್ಮಾನ್ ಹೋಟೆಲಿನಲ್ಲಿ ಅಡುಗೆಯೆಲ್ಲಾ ಗಾಜಿನ ಹಿಂದೆ ಸಾಲಾಗಿ ಇಟ್ಟಿರುತ್ತಾರೆ. ಬೇಕಾದ್ದನ್ನು ಬೊಟ್ಟು ಮಾಡಿ ತೋರಿಸಬಹುದು. ಭಾಷೆ ಬಾರದವರಿಗೆ ಅದು ದೊಡ್ಡ ಅನುಕೂಲ.

ಸಂಜೆಯ ವಿಷಯ ಆಮೇಲೆ ಬರೆಯುತ್ತೇನೆ, ಅದು ಬೇರೆಯೇ ಲೋಕ.

ಮೀನೂಟ ಮಂಗಳೂರು

ಮೀನು ತಿನ್ನುವವರ ಪರವಾಗಿ ಎರಡು ಮಾತು. ತೆಂಗಿನ ಹಾಲಿನಲ್ಲಿ ಬೇಯಿಸಿದ ಆಕ್ಟೋಪಸ್, ಅಲ್ಲಿ ಪ್ವೆಜಾ ವಾ ನಾಜಿ. ನಿಧಾನವಾಗಿ ಬೆಂದಿದ್ದರೆ ಬೆಣ್ಣೆ. ಯಜಮಾನರಿಗೆ ಅದನ್ನು ತಪ್ಪಿಸಬೇಡಿ. ದಾರಾಜಾನಿ ಮಾರುಕಟ್ಟೆಯ ಮೀನಿನ ಹರಾಜನ್ನು ಬೆಳಿಗ್ಗೆಯೇ ಹೋಗಿ ನೋಡಿ. ಆ ಮಾರುಕಟ್ಟೆ ಕಟ್ಟಡ 1904ರದ್ದು, ಇವತ್ತಿಗೂ ಊರಿನ ಅಡುಗೆಮನೆಗಳೆಲ್ಲಾ ಅದನ್ನೇ ನಂಬಿವೆ.

ಫೊರೊಧಾನಿ ಉದ್ಯಾನದ ರಾತ್ರಿ ಸಂತೆಯಲ್ಲಿ ಕಡ್ಡಿಗೆ ಚುಚ್ಚಿಟ್ಟ ಸೀಗಡಿ, ಏಡಿ ನೋಡಿ ಮರುಳಾಗಬೇಡಿ. ಎಷ್ಟು ಹೊತ್ತಿನಿಂದ ಹೊರಗಿದೆಯೋ ಗೊತ್ತಾಗುವುದಿಲ್ಲ. ಮೊದಲು ದರ ಕೇಳಿ, ನಿಮ್ಮ ಕಣ್ಣೆದುರೇ ಚೆನ್ನಾಗಿ ಸುಡಿಸಿ, ಬಿಸಿಯಾಗಿ ತಿನ್ನಿ.

ಹಾಸನದ ಮಳೆ

ಫೊರೊಧಾನಿ ಬಗ್ಗೆ ನನ್ನ ಅಭಿಪ್ರಾಯ ಇನ್ನೂ ಖಾರ. ಪ್ರವಾಸಿಗರಿಗೆ ಅಂತಲೇ ದರ ಏರಿಸಿ ಕೂತಿದ್ದಾರೆ. ಒಬ್ಬನ ಹತ್ತಿರ ನಾವು ಒಂದು ತಟ್ಟೆ ಅಂತ ಹೇಳಿ ತಿಂದು ಮುಗಿಸಿದ ಮೇಲೆ ಮೂರು ತಟ್ಟೆ ಲೆಕ್ಕ ಹೇಳಿದ. ಊರಿನವರು ಅಲ್ಲಿಗೆ ಯಾಕೆ ಹೋಗಬೇಕು? ನೀವೂ ಹೋಗಬೇಡಿ.

ದಾರ್ ಕನ್ನಡಿಗ

ಹಾಸನದವರೇ, ನಿಮಗಾದದ್ದು ಬೇರೆಯವರಿಗೂ ಆಗಿದೆ, ಒಪ್ಪುತ್ತೇನೆ. ಆದರೆ ಹೋಗಲೇಬೇಡಿ ಅನ್ನುವುದು ಸರಿಯಲ್ಲ. ಊರಿನವರು ಅಲ್ಲಿಗೆ ಬರುತ್ತಾರೆ. ಸಂಜೆ ಮಕ್ಕಳನ್ನು ಕರೆದುಕೊಂಡು ಕಡಲ ಕಟ್ಟೆ ಮೇಲೆ ಕೂರುತ್ತಾರೆ. ಹುಡುಗರು ಕಟ್ಟೆ ಮೇಲಿಂದ ಓಡಿ ಬಂದು ನೀರಿಗೆ ಹಾರುತ್ತಾರೆ. ಅವರು ಏಡಿ ತಿನ್ನುವುದಿಲ್ಲ, ಅಷ್ಟೇ. ಕಬ್ಬಿನ ಹಾಲು ಕುಡಿಯುತ್ತಾರೆ. ಕಬ್ಬಿನ ಜೊತೆ ಶುಂಠಿ, ನಿಂಬೆಹಣ್ಣು ಸೇರಿಸಿಯೇ ಗಾಣಕ್ಕೆ ಕೊಡುತ್ತಾರೆ. ಅತ್ತೆಗೆ ಧೈರ್ಯವಾಗಿ ಕೊಡಿಸಬಹುದು, ಐಸ್ ಬೇಡ ಅನ್ನಿ.

ಜಾಂಜಿಬಾರ್ ಪಿಜ್ಜಾ ಅಂತ ಒಂದನ್ನು ಅಲ್ಲಿ ಮಾಡುತ್ತಾರೆ. ಹೆಸರು ಪಿಜ್ಜಾ, ಆದರೆ ಅದು ತೆಳ್ಳಗೆ ಎಳೆದ ಮೈದಾ ಹಾಳೆಯೊಳಗೆ ಖೀಮಾ, ಈರುಳ್ಳಿ, ಚೀಸ್, ಮೊಟ್ಟೆ ಹಾಕಿ ಮಡಚಿ ತವದ ಮೇಲೆ ಕರಿದದ್ದು. ತರಕಾರಿಯದ್ದೂ ಮಾಡಿಕೊಡುತ್ತಾರೆ, ಬಾಳೆಹಣ್ಣು ಚಾಕೊಲೇಟಿನದ್ದೂ ಇದೆ. ಆದರೆ ತವ ಒಂದೇ. ಅತ್ತೆಗೆ ಮನಸ್ಸು ಒಪ್ಪದಿದ್ದರೆ ಅದನ್ನು ಬಿಡಿ.

ಮತ್ತೆ ಎಲ್ಲಿಯಾದರೂ ಸರಿ, ಬೆಲೆ ಕೇಳದೆ ಕೈ ಹಾಕಬೇಡಿ. ಬೇಯಿ ಗಾನಿ? ಎಷ್ಟು ದರ ಅಂತ. ಟಾಂಜಾನಿಯಾ ಶಿಲ್ಲಿಂಗ್‌ನಲ್ಲೇ ಕೊಡಿ. ರೂಪಾಯಿಗೆ 30ರ ಆಸುಪಾಸಿನಲ್ಲಿ ಇರುತ್ತದೆ, ಹೊರಡುವ ದಿನ ನೋಡಿಕೊಳ್ಳಿ. ನೋಟಿನ ಸೊನ್ನೆಗಳು ಮೊದಲ ದಿನ ತಲೆ ಕೆಡಿಸುತ್ತವೆ. ಚಿಲ್ಲರೆ ಜಾಸ್ತಿ ಇಟ್ಟುಕೊಳ್ಳಿ.

ತುಂಗಾತೀರ

ತುಂಬಾ ಥ್ಯಾಂಕ್ಸ್! ರಾಗಿ ವಿಷಯ ಕೇಳಿ ಅತ್ತೆಗೆ ಖುಷಿಯೋ ಖುಷಿ. ಅವರಿಗೆ ಇನ್ನೊಂದು ಭಯ. ಸೊಪ್ಪು, ಕಾಳು ಅಂತ ತೋರಿಸಿ ಅದರಲ್ಲಿ ಮೀನು ಬೆರೆಸಿದ್ದರೆ? ಅಲ್ಲಿಯ ಭಾಷೆಯಲ್ಲಿ ಹೇಗೆ ಹೇಳುವುದು? ಉರೊಜೊ ಅಂತ ಯಾರೋ ಬರೆದಿದ್ದರು, ಅದು ಏನು?

ದಾರ್ ಕನ್ನಡಿಗ

ಭಯಕ್ಕೆ ಕಾರಣ ಇದೆ. ಡಗಾ ಅಂತ ಒಣಗಿಸಿದ ಸಣ್ಣ ಮೀನು ಸಿಗುತ್ತದೆ, ಸೊಪ್ಪಿನ ಪಲ್ಯಕ್ಕೆ ಕೆಲವರು ಅದನ್ನು ಹಾಕುತ್ತಾರೆ. ಕಾಳಿನ ಸಾರಿಗೆ ಮಾಂಸದ ನೀರು ಸೇರಿಸುವುದೂ ಉಂಟು. ಅದಕ್ಕೇ ಬರೀ ತರಕಾರಿ ಅಂದರೆ ಸಾಲದು. ಇನ್ನೊಂದು ವಿಷಯ, ನ್ಯಾಮಾ ಅಂದರೆ ಅವರ ಲೆಕ್ಕದಲ್ಲಿ ಸಾಮಾನ್ಯವಾಗಿ ದನ ಅಥವಾ ಆಡಿನ ಮಾಂಸ. ನ್ಯಾಮಾ ಬೇಡ ಅಂದರೆ ಕೋಳಿ ತಂದಿಡುತ್ತಾರೆ, ಅವರ ತಪ್ಪಲ್ಲ. ಹಾಗಾಗಿ ಒಂದೊಂದನ್ನೇ ಹೇಳಿ. ಸಿಲಿ ನ್ಯಾಮಾ, ಸಿಲಿ ಕುಕು, ಸಿಲಿ ಸಮಾಕಿ, ಸಿಲಿ ಮಯಾಯಿ. ಮಾಂಸ ತಿನ್ನಲ್ಲ, ಕೋಳಿ ತಿನ್ನಲ್ಲ, ಮೀನು ತಿನ್ನಲ್ಲ, ಮೊಟ್ಟೆ ತಿನ್ನಲ್ಲ. ಕೊನೆಗೆ ಬಿಲಾ ಡಗಾ ಅಂತ ಸೇರಿಸಿ. ಡಗಾ ಇಲ್ಲದೆ ಅಂತ. ಅಜ್ಜಿ ವಯಸ್ಸಿನವರು ಇಷ್ಟು ಹೇಳಿದರೆ ಅಡುಗೆಯಾಕೆ ತಾನೇ ಎದ್ದು ಬಂದು ಯಾವುದು ತಿನ್ನಬಹುದು ಅಂತ ತೋರಿಸುತ್ತಾಳೆ. ಹಿರಿಯರಿಗೆ ಅಲ್ಲಿ ಅಷ್ಟು ಮರ್ಯಾದೆ ಇದೆ. ನೀವೂ ಅಲ್ಲಿಯ ಹಿರಿಯರಿಗೆ ಶಿಕಾಮೋ ಅನ್ನಿ. ಮರಹಬಾ ಅಂತ ಉತ್ತರ ಬರುತ್ತದೆ. ಆ ಒಂದು ಮಾತಿನಿಂದ ಮುಂದಿನ ಮಾತೆಲ್ಲಾ ಸಲೀಸು.

ಈಗ ಉರೊಜೊ. ಇದನ್ನು ಜಾಂಜಿಬಾರ್ ಮಿಕ್ಸ್ ಅಂತಲೂ ಕರೆಯುತ್ತಾರೆ. ಸಂಜೆ ಹೊತ್ತು ಓಣಿಯ ಅಂಚಿನಲ್ಲಿ ದೊಡ್ಡ ಪಾತ್ರೆ ಇಟ್ಟುಕೊಂಡು ಕೂತಿರುತ್ತಾರೆ. ಪಾತ್ರೆಯಲ್ಲಿ ಹಳದಿ ಸಾರು, ಹಿಟ್ಟು ಕದಡಿ, ಅರಿಸಿನ ಹಾಕಿ, ಮಾವಿನಕಾಯಿ ಹುಳಿ ಬಿಟ್ಟು ಕುದಿಸಿದ್ದು. ಬಟ್ಟಲಿಗೆ ಮೊದಲು ಬೇಯಿಸಿದ ಆಲೂಗಡ್ಡೆ ತುಂಡು. ಅದರ ಮೇಲೆ ಕಡಲೆಹಿಟ್ಟಿನ ಭಜಿಯಾ. ಆಮೇಲೆ ಕಾಚೋರಿ, ಅದು ಆಲೂಗಡ್ಡೆ ಉಂಡೆಯನ್ನು ಹಿಟ್ಟಿನಲ್ಲಿ ಅದ್ದಿ ಕರಿದದ್ದು. ಅದರ ಮೇಲೆ ಬಿಸಿ ಸಾರು. ನಂತರ ತೆಂಗಿನಕಾಯಿ ಚಟ್ನಿ, ಖಾರದ ಚಟ್ನಿ, ಕೊನೆಗೆ ಮರಗೆಣಸಿನ ಗರಿಗರಿ ಎಳೆಗಳು ಒಂದು ಹಿಡಿ. ಎಳೆಗಳು ಮೆತ್ತಗಾಗುವ ಮೊದಲೇ ತಿನ್ನಬೇಕು. ಮಾಂಸದ ಕಡ್ಡಿ, ಬೇಯಿಸಿದ ಮೊಟ್ಟೆ ಕೊನೆಯಲ್ಲಿ ಮೇಲಿಂದ ಹಾಕುವುದು. ಬೇಡ ಅಂದರೆ ಹಾಕುವುದಿಲ್ಲ. ಗುಜರಾತಿನಿಂದ ಬಂದವರ ಅಡುಗೆ, ಕಡಲತೀರದವರ ಅಡುಗೆ ಒಂದೇ ಬಟ್ಟಲಲ್ಲಿ ಹೀಗೆ ಕೂಡಿಕೊಂಡಿವೆ. ನನ್ನ ಮಟ್ಟಿಗೆ ಇಡೀ ದ್ವೀಪದ ಅತ್ಯುತ್ತಮ ತಿಂಡಿ ಇದೇ.

ರಾತ್ರಿ ಊಟ ಆದ ಮೇಲೆ ಜಾಸ್ ಕಾರ್ನರ್ ಅನ್ನೋ ಕೂಡುರಸ್ತೆಗೆ ಹೋಗಿ. ಅಲ್ಲಿ ಕಲ್ಲಿನ ಜಗುಲಿ ಮೇಲೆ ಗಂಡಸರು ಕೂತು ಡಾಮಿನೋಸ್ ಆಡುತ್ತಾರೆ, ರಾಜಕೀಯ ಮಾತಾಡುತ್ತಾರೆ. ಕೆಂಡದ ಮೇಲೆ ಕೂತ ಹಿತ್ತಾಳೆ ಹೂಜಿಯಿಂದ ಸಣ್ಣ ಸಣ್ಣ ಕಪ್ಪಿಗೆ ಹಾಲಿಲ್ಲದ ಕಾಫಿ. ಜೊತೆಗೆ ಕಡಲೆಕಾಯಿ ಅಥವಾ ತೆಂಗಿನಕಾಯಿಯ ಕಶಾಟಾ, ಸಕ್ಕರೆ ಪಾಕದ ಮಿಠಾಯಿ.

ಸವಣೂರ ಹುಡುಗಿ

ಯಾರೂ ಉಬುಯು ಬಗ್ಗೆ ಹೇಳಲಿಲ್ಲ ಅಲ್ವಾ! ಬಾವೊಬಾಬ್ ಮರದ ಕಾಯಿಯೊಳಗಿನ ಬೀಜಕ್ಕೆ ಹುಳಿ ಹಿಟ್ಟು ಅಂಟಿಕೊಂಡಿರುತ್ತದೆ. ಅದಕ್ಕೆ ಸಕ್ಕರೆ ಪಾಕ, ಕೆಂಪು ಬಣ್ಣ, ಏಲಕ್ಕಿ ಹಾಕಿ ಉಬುಯು ಅಂತ ಮಾರುತ್ತಾರೆ. ಬಾಯಲ್ಲಿ ಹಾಕಿಕೊಂಡು ಚೀಪಬೇಕು. ನಾಲಿಗೆ ಕೆಂಪಾಗುತ್ತದೆ, ಮಕ್ಕಳಿಗೆ ಪ್ರಾಣ. ನಮ್ಮ ಸವಣೂರಿನ ದೊಡ್ಡಹುಣಸೆ ಮರಗಳೂ ಇದೇ ಜಾತಿ, ಆಫ್ರಿಕದಿಂದ ಬಂದವು. ಆ ಮರಗಳ ನೆರಳಲ್ಲಿ ಆಡಿ ಬೆಳೆದವಳಿಗೆ ಅದರ ಕಾಯಿಯನ್ನು ಒಂದು ಊರು ಹೀಗೆ ತಿನ್ನುತ್ತದೆ ಅಂತ ಕಂಡದ್ದೇ ಸಂತೋಷ. ನಮ್ಮ ಕಡೆಯ ಮಕ್ಕಳಿಗೆ ತಂದುಕೊಡಲು ಇದಕ್ಕಿಂತ ಹಗುರವಾದ ಉಡುಗೊರೆ ಇಲ್ಲ.

ಮೂಡಿಗೆರೆ ತೋಟ

ಮಸಾಲೆ ತೋಟದ ಟೂರ್ ಬಗ್ಗೆ ನಾನು ಬರೆಯುತ್ತೇನೆ. ಊರಿನಿಂದ ಸ್ವಲ್ಪ ದೂರ, ಕಿಜಿಂಬಾನಿ, ಕಿಡಿಚಿ ಕಡೆ ತೋಟಗಳಿವೆ. ಬೆಂಗಳೂರಿನಲ್ಲೇ ಹುಟ್ಟಿ ಬೆಳೆದವರಿಗೆ ಕಣ್ಣು ತುಂಬುವ ಜಾಗ. ಮೆಣಸಿನ ಬಳ್ಳಿ, ಏಲಕ್ಕಿ, ದಾಲ್ಚಿನ್ನಿ, ಜಾಯಿಕಾಯಿ ಒಡೆದಾಗ ಒಳಗೆ ಕಾಣುವ ಕೆಂಪು ಜಾಪತ್ರೆ. ಆದರೆ ಮಲೆನಾಡಿನವರು, ಕೊಡಗಿನವರು ಇದಕ್ಕೆ ಅರ್ಧ ದಿನ ಕೊಡಬೇಕಾ ಅಂತ ಯೋಚಿಸಿ. ಇವೆಲ್ಲಾ ನಿಮ್ಮ ಹಿತ್ತಲಲ್ಲೇ ಇರುತ್ತವೆ. ಒಂದು ಮಾತ್ರ ಬೇರೆ, ಲವಂಗ. ನಮ್ಮಲ್ಲೂ ಮರ ಇದೆ, ಆದರೆ ಲವಂಗವೇ ನಾಡಿನ ಬೆನ್ನೆಲುಬಾಗಿರುವುದನ್ನು ನೋಡಬೇಕಾದರೆ ಅಲ್ಲಿಗೇ ಹೋಗಬೇಕು. ಅದೂ ನಿಜವಾಗಿ ನೋಡಬೇಕಾದರೆ ಪಕ್ಕದ ಪೆಂಬಾ ದ್ವೀಪಕ್ಕೆ. 1872ರ ಚಂಡಮಾರುತ ಉಂಗುಜಾ, ಅಂದರೆ ನೀವು ಹೋಗುವ ಜಾಂಜಿಬಾರ್‌ನ ಮುಖ್ಯ ದ್ವೀಪದ ಲವಂಗ ಮರಗಳನ್ನು ಹೆಚ್ಚುಕಡಿಮೆ ನೆಲಸಮ ಮಾಡಿತು. ಪೆಂಬಾ ಉಳಿಯಿತು. ಅಂದಿನಿಂದ ಹೆಚ್ಚಿನ ಲವಂಗ ಅಲ್ಲಿಯದೇ. ಕೊಯ್ಲಿನ ಕಾಲದಲ್ಲಿ ರಸ್ತೆ ಬದಿಯಲ್ಲಿ ಚಾಪೆ ಹಾಸಿ ಒಣಗಿಸುತ್ತಾರೆ, ಕಾರಿನ ಗಾಜು ಹಾಕಿದ್ದರೂ ಘಮ ಒಳಗೆ ಬರುತ್ತದೆ.

ಕೊಳ್ಳುವವರಿಗೆ ಎರಡು ಮಾತು. ಇಡಿಯಾಗಿರುವುದನ್ನೇ ಕೊಳ್ಳಿ, ಪುಡಿ ಬೇಡ. ಲವಂಗದ ತಲೆ ಉದುರಿರಬಾರದು, ಉಗುರಿನಿಂದ ಒತ್ತಿದರೆ ಎಣ್ಣೆ ಕಾಣಬೇಕು. ಪ್ರವಾಸಿಗರಿಗೆ ಅಂತ ಬುಟ್ಟಿಯಲ್ಲಿ ಜೋಡಿಸಿಟ್ಟ ಸಣ್ಣ ಪೊಟ್ಟಣಗಳು ನೋಡಲು ಚಂದ, ಆದರೆ ಎಷ್ಟೋ ಸಲ ಹಳೇ ಸರಕು. ದಾರಾಜಾನಿಯಲ್ಲಿ ಊರಿನವರು ಕೊಳ್ಳುವ ಅಂಗಡಿಯಲ್ಲಿ ತೂಕದ ಮೇಲೆ ತೆಗೆದುಕೊಳ್ಳಿ. ಕೇಸರಿ ಅಂತ ಅಗ್ಗಕ್ಕೆ ಮಾರುವುದನ್ನು ಮುಟ್ಟಲೇಬೇಡಿ. ಅದು ಕುಸುಬೆ ಹೂವಿನ ಎಸಳು. ಉತ್ತರ ಕರ್ನಾಟಕದವರಿಗೆ ನೋಡಿದ ತಕ್ಷಣ ಗೊತ್ತಾಗುತ್ತದೆ.

ಯಲ್ಲಾಪುರ ದಾರಿ

ಲವಂಗದ ಮಾತು ಬಂತು, ಹಾಗಾಗಿ ಇದನ್ನೂ ಹೇಳಬೇಕು. 19ನೇ ಶತಮಾನದಲ್ಲಿ ಒಮಾನಿನ ಸುಲ್ತಾನರ ಆಳ್ವಿಕೆಯಲ್ಲಿ ಆ ತೋಟಗಳನ್ನು ಬೆಳೆಸಿದ್ದು ಗುಲಾಮರಾಗಿ ತಂದ ಜನರ ದುಡಿಮೆ. ಸ್ಟೋನ್ ಟೌನ್‌ನ ಗುಲಾಮರ ಸಂತೆ ಮುಚ್ಚಿದ್ದು 1873ರಲ್ಲಿ. ಅದೇ ಜಾಗದಲ್ಲಿ ಈಗ ಕ್ರೈಸ್ಟ್ ಚರ್ಚ್ ಕೆಥೆಡ್ರಲ್ ಇದೆ. ಹೊರಗೆ ನೆಲದ ಗುಂಡಿಯೊಳಗೆ ಕುತ್ತಿಗೆಗೆ ಸರಪಳಿ ಹಾಕಿದ ಮನುಷ್ಯರ ಮೂರ್ತಿಗಳಿವೆ. ದಾರಾಜಾನಿ ಮಾರುಕಟ್ಟೆಯಿಂದ ನಡೆದೇ ಹೋಗಬಹುದು. ಮಸಾಲೆ ಕೊಳ್ಳುವ ಮೊದಲು ಅಲ್ಲಿಗೆ ಹೋಗಿ ಬನ್ನಿ ಅಂತ ನನ್ನ ಕೋರಿಕೆ.

ನಮ್ಮ ಯಲ್ಲಾಪುರ, ಹಳಿಯಾಳ, ಮುಂಡಗೋಡ ಕಡೆಯ ಸಿದ್ದಿಗಳ ಹಿರಿಯರೂ ಪೂರ್ವ ಆಫ್ರಿಕದ ಕರಾವಳಿಯಿಂದ ಬಂದವರೇ. ಹೆಚ್ಚಿನವರನ್ನು ಪೋರ್ಚುಗೀಸರ ಕಾಲದಲ್ಲಿ ಗೋವಾಕ್ಕೆ ಗುಲಾಮರಾಗಿ ತಂದರು, ಅಲ್ಲಿಂದ ತಪ್ಪಿಸಿಕೊಂಡವರು, ಬಿಡುಗಡೆಯಾದವರು ಘಟ್ಟದ ಕಾಡು ಸೇರಿದರು. ಕರ್ನಾಟಕದಿಂದ ಹೋದವರಿಗೆ ಅದು ಪರದೇಶದ ಕತೆ ಅಲ್ಲ.

ತುಂಗಾತೀರ

ಖಂಡಿತ ಹೋಗುತ್ತೇವೆ. ಇದನ್ನು ಬರೆದದ್ದಕ್ಕೆ ತುಂಬಾ ಉಪಕಾರ.

ಇಳಕಲ್ ಸೆರಗು

ಬಟ್ಟೆ ಬಗ್ಗೆ ನನಗೆ ಹುಚ್ಚು, ಅದಕ್ಕೆ ಬರೆಯುತ್ತಿದ್ದೇನೆ. ಅಲ್ಲಿಂದ ತರಬೇಕಾದ್ದು ಕಾಂಗಾ. ಹತ್ತಿ ಬಟ್ಟೆ, ಸುತ್ತಲೂ ಅಗಲವಾದ ಅಂಚು, ನಡುವೆ ದೊಡ್ಡ ಚಿತ್ತಾರ. ಚಿತ್ತಾರದ ಕೆಳಗೆ ಅಲ್ಲಿಯ ಭಾಷೆಯಾದ ಸ್ವಾಹಿಲಿಯಲ್ಲಿ ಒಂದು ಸಾಲು ಬರಹ, ಗಾದೆಯೋ, ಹಾರೈಕೆಯೋ, ಅಕ್ಕಪಕ್ಕದವರಿಗೆ ಕೊಟ್ಟ ಚುಚ್ಚು ಮಾತೋ. ಬಾಯಿಬಿಟ್ಟು ಹೇಳಲಾಗದ್ದನ್ನು ಹೆಂಗಸರು ಉಟ್ಟು ಹೇಳುತ್ತಾರೆ. ಹಾಗಾಗಿ ಬಣ್ಣ ನೋಡಿ ಕೊಳ್ಳಬೇಡಿ. ಇದರ ಮೇಲೆ ಏನು ಬರೆದಿದೆ ಅಂತ ಅಂಗಡಿಯವಳನ್ನು ಕೇಳಿ. ಅವಳು ನಗುತ್ತಾ ಅರ್ಥ ಹೇಳುತ್ತಾಳೆ. ಅತ್ತೆಗೆ ಕೊಡಿಸುವಾಗ ಅಂತೂ ಕೇಳಲೇಬೇಕು! ತಾಯಿಯನ್ನು ಹರಸುವ ಮಾತಿರುವ ಕಾಂಗಾಗಳು ಬೇಕಾದಷ್ಟಿವೆ.

ಕಾಂಗಾವನ್ನು ಜೋಡಿಯಾಗಿ ಮಾರುತ್ತಾರೆ, ಎರಡೂ ಒಂದೇ ಉದ್ದದ ಬಟ್ಟೆಯಲ್ಲಿ ಕೂಡಿಕೊಂಡಿರುತ್ತವೆ. ನಡುವೆ ಕತ್ತರಿಸಿ ಅಂಚು ಹೊಲಿಸಿಕೊಳ್ಳಬೇಕು. ಒಂದು ಸೊಂಟಕ್ಕೆ, ಒಂದು ಹೆಗಲಿಗೆ. ಮಾರುಕಟ್ಟೆ ಬದಿಯಲ್ಲೇ ಹೊಲಿಗೆ ಮೆಷಿನ್ ಇಟ್ಟುಕೊಂಡು ಕೂತವರಿರುತ್ತಾರೆ, ಚಹಾ ಕುಡಿಯುವಷ್ಟರಲ್ಲಿ ಹೊಲಿದು ಕೊಡುತ್ತಾರೆ. ಇನ್ನೊಂದು ಮಾತು, ಬಹಳಷ್ಟು ಕಾಂಗಾ ಈಗ ಭಾರತದಲ್ಲೇ ಅಚ್ಚಾಗಿ ಅಲ್ಲಿಗೆ ಹೋಗುತ್ತದೆ. ಅಂಚಿನಲ್ಲಿ ಎಲ್ಲಿ ತಯಾರಾದದ್ದು ಅಂತ ಇರುತ್ತದೆ. ಟಾಂಜಾನಿಯಾದ್ದೇ ಬೇಕು ಅನ್ನುವವರು ನೋಡಿ ತೆಗೆದುಕೊಳ್ಳಿ.

ಕೊಳ್ಳುವ ಜಾಗ ಗಿಜೆಂಗಾ ಬೀದಿಯ ಪ್ರವಾಸಿ ಅಂಗಡಿಗಳಲ್ಲ. ದಾರಾಜಾನಿ ಹಿಂದಿನ ಬಟ್ಟೆ ಓಣಿಗಳು. ಅಲ್ಲಿ ಮದುವೆಗೆ ಕೊಳ್ಳಲು ಬಂದ ಹೆಂಗಸರ ಪಕ್ಕದಲ್ಲಿ ನಿಂತು ಆರಿಸಬಹುದು.

ದಾರ್ ಕನ್ನಡಿಗ

ಬೇರೆ ಸಾಮಾನುಗಳ ಬಗ್ಗೆ ಚುಟುಕಾಗಿ ಹೇಳುತ್ತೇನೆ.

ಟಿಂಗಾಟಿಂಗಾ ಚಿತ್ರಗಳು ಎಲ್ಲೆಲ್ಲೂ ಕಾಣುತ್ತವೆ. 1960ರ ದಶಕದ ಕೊನೆಯಲ್ಲಿ ಎಡ್ವರ್ಡ್ ಸಯೀದ್ ಟಿಂಗಾಟಿಂಗಾ ಅನ್ನುವವರು ದಾರ್‌ನಲ್ಲಿ ಶುರುಮಾಡಿದ ಶೈಲಿ. ಸೈಕಲ್‌ಗೆ ಬಳಿಯುವ ಎನಾಮಲ್ ಬಣ್ಣದಲ್ಲಿ ಹಲಗೆ ಮೇಲೆ ಪ್ರಾಣಿ, ಹಕ್ಕಿ ಬರೆದರು. 1972ರಲ್ಲಿ ತೀರಿಕೊಂಡರು, ಶಿಷ್ಯರು ಮುಂದುವರಿಸಿದರು. ದಾರ್‌ನ ಆಯ್ಸ್ಟರ್ ಬೇ ಕಡೆ ಅವರ ಸಹಕಾರ ಸಂಘ ಇದೆ. ಚಿತ್ರ ಬರೆಯುವವರ ಎದುರಿಗೇ ಕೂತು ಕೊಳ್ಳಬಹುದು. ನಿಮಗೆ ದಾರ್‌ನಲ್ಲಿ ಒಂದು ದಿನ ಸಿಕ್ಕಿದರೆ ಅಲ್ಲಿಗೇ ಹೋಗಿ. ಬಣ್ಣ ಹಸಿ ಇರುವ ಚಿತ್ರವನ್ನು ಸುರುಳಿ ಸುತ್ತಿಸಬೇಡಿ, ಅಂಟಿಕೊಳ್ಳುತ್ತದೆ.

ಮಕೊಂಡೆ ಜನರ ಮರದ ಕೆತ್ತನೆಗೆ ದಾರ್‌ನ ಮ್ವೆಂಗೆ ಮಾರುಕಟ್ಟೆ. ಕರಿಮರ ಅಂತ ಹೇಳಿ ಬಿಳಿ ಮರಕ್ಕೆ ಶೂ ಪಾಲಿಶ್ ಬಳಿದು ಮಾರುವವರಿದ್ದಾರೆ. ಒದ್ದೆ ಬಟ್ಟೆಯಿಂದ ಉಜ್ಜಿ, ತೂಕ ನೋಡಿ. ನಿಜವಾದ ಎಂಪಿಂಗೊ ಮರ ಕೈಗೆ ಭಾರವಾಗಿ ಗೊತ್ತಾಗುತ್ತದೆ.

ಟಾಂಜನೈಟ್ ಹರಳು ಪ್ರಪಂಚದಲ್ಲಿ ಸಿಗುವುದು ಕಿಲಿಮಂಜಾರೋ ಹತ್ತಿರದ ಮೆರೆರಾನಿಯಲ್ಲಿ ಮಾತ್ರ. ಬೀದಿಯಲ್ಲಿ ಕಾಗದದ ಪೊಟ್ಟಣ ಬಿಚ್ಚಿ ತೋರಿಸುವವನ ಹತ್ತಿರ ಕೊಳ್ಳಬೇಡಿ. ಬೇಕೇ ಬೇಕು ಅಂದರೆ ಪರವಾನಗಿ ಇರುವ ಅಂಗಡಿ, ಪ್ರಮಾಣಪತ್ರ, ರಸೀದಿ. ಶಂಖ, ಚಿಪ್ಪು, ಹವಳ, ಆಮೆ ಚಿಪ್ಪಿನ ವಸ್ತು ಯಾವುದೂ ಬೇಡ. ಕಡಲಿಗೂ ಕೆಟ್ಟದ್ದು, ವಿಮಾನ ನಿಲ್ದಾಣದಲ್ಲೂ ತೊಂದರೆ.

ಪೂರ್ವ ಕರಾವಳಿಯ ಪಾಜೆ ಊರಿನಲ್ಲಿ ಕಡಲಪಾಚಿ ಬೆಳೆಸುವ ಹೆಂಗಸರಿದ್ದಾರೆ. ಇಳಿತದ ಹೊತ್ತಿಗೆ ನೀರಿನಲ್ಲಿ ನಿಂತು ಹಗ್ಗಕ್ಕೆ ಕಟ್ಟುವುದನ್ನು ನೋಡಬಹುದು. ಅದರಿಂದ ಮಾಡಿದ ಸೋಪು ಒಳ್ಳೆಯ ಉಡುಗೊರೆ, ದುಡ್ಡು ದುಡಿದವರ ಕೈಗೇ ಹೋಗುತ್ತದೆ. ಬೀಚಿನಲ್ಲಿ ಕಪ್ಪು ಮೆಹಂದಿ ಹಾಕುತ್ತೇವೆ ಅಂತ ಬಂದರೆ ಬೇಡ ಅನ್ನಿ. ಅದರಲ್ಲಿ ಕೂದಲಿನ ಬಣ್ಣ ಬೆರೆಸಿರುತ್ತಾರೆ, ಚರ್ಮ ಸುಟ್ಟು ಗುಳ್ಳೆ ಬಂದವರನ್ನು ನೋಡಿದ್ದೇನೆ.

ಪ್ಲಾಸ್ಟಿಕ್ ಚೀಲ ದೇಶದಲ್ಲೇ ನಿಷೇಧ, 2019ರ ಜೂನ್‌ನಿಂದ. ಅತ್ತೆಯವರ ಅವಲಕ್ಕಿ ಬಟ್ಟೆ ಚೀಲಕ್ಕೆ ಹೋಗಲಿ. 2024ರ ಅಕ್ಟೋಬರ್‌ನಿಂದ ಜಾಂಜಿಬಾರ್‌ಗೆ ಹೋಗುವ ವಿದೇಶಿಯರಿಗೆ ಅಲ್ಲಿಯ ಸರ್ಕಾರದ ವಿಮೆ ಕಡ್ಡಾಯ, ದೊಡ್ಡವರಿಗೆ 44 ಡಾಲರ್. ಬೇರೆ ವಿಮೆ ಇದ್ದರೂ ಇದನ್ನು ಮಾಡಿಸಲೇಬೇಕು.

ಮೀನೂಟ ಮಂಗಳೂರು

ಒಂದು ಚಿಕ್ಕ ಮಾತು. ಹಳೇ ಕಟ್ಟಡಗಳ ಮಾಡಿನ ಮೇಲೆ ಕಣ್ಣಿಟ್ಟು ನಡೆಯಿರಿ. ಮಂಗಳೂರು ಹಂಚು ಒಂದು ಕಾಲದಲ್ಲಿ ಹಡಗು ಹತ್ತಿ ಪೂರ್ವ ಆಫ್ರಿಕಕ್ಕೆ ಹೋಗುತ್ತಿತ್ತು. ಈಗ ಅದೇ ದಾರಿಯಲ್ಲಿ ಟಾಂಜಾನಿಯಾದ ಹಸಿ ಗೇರುಬೀಜ ನಮ್ಮ ಕರಾವಳಿಯ ಕಾರ್ಖಾನೆಗಳಿಗೆ ಬರುತ್ತದೆ. ಹಾಗಾಗಿ ಗೇರುಬೀಜ ಅಲ್ಲಿಂದ ಹೊತ್ತು ತರಬೇಡಿ!

ಹಬ್ಬದ ಸುತ್ತು

ಹಬ್ಬ ಕೇಳಿದ್ದೀರಿ, ಅದಕ್ಕೆ ಯಾರೂ ಉತ್ತರಿಸಿಲ್ಲ. ನೀವು ಹೋಗುವ ಹೊತ್ತಿಗೇ ಮ್ವಾಕಾ ಕೊಗ್ವಾ ಬರುತ್ತದೆ! ಸಾಮಾನ್ಯವಾಗಿ ಜುಲೈ ಮೂರನೇ ಅಥವಾ ನಾಲ್ಕನೇ ವಾರ. ದ್ವೀಪದ ದಕ್ಷಿಣ ತುದಿಯ ಮಕುಂಡುಚಿ ಊರಿನ ಹೊಸ ವರ್ಷ. ಪರ್ಷಿಯಾದ ನೌರೂಜ್ ಲೆಕ್ಕದಿಂದ ಬಂದದ್ದು ಅಂತಾರೆ. ಇಡೀ ಊರು ಬಯಲಿಗೆ ಬರುತ್ತದೆ. ಗಂಡಸರು ಎರಡು ಗುಂಪಾಗಿ ಬಾಳೆ ದಿಂಡು ಹಿಡಿದು ಒಬ್ಬರನ್ನೊಬ್ಬರು ಹೊಡೆಯುತ್ತಾರೆ. ವರ್ಷವಿಡೀ ಕೂಡಿಟ್ಟ ಸಿಟ್ಟೆಲ್ಲಾ ಅವತ್ತೇ ತೀರಬೇಕು, ಮುಂದಿನ ವರ್ಷಕ್ಕೆ ಒಯ್ಯಬಾರದು. ಹೆಂಗಸರು ಹೊಚ್ಚ ಹೊಸ ಕಾಂಗಾ ಉಟ್ಟು ಸುತ್ತಲೂ ಹಾಡು ಹೇಳುತ್ತಾ ತಿರುಗುತ್ತಾರೆ. ಹಾಡಿನಲ್ಲಿ ಯಾರನ್ನೂ ಬಿಡುವುದಿಲ್ಲ. ಆಮೇಲೆ ಗರಿಯ ಗುಡಿಸಲೊಂದಕ್ಕೆ ಬೆಂಕಿ ಇಡುತ್ತಾರೆ. ದಿಂಡಿನ ಹೊಡೆತ ನೋಡಿ ಭಯಪಡಬೇಡಿ, ಬಾಳೆ ದಿಂಡು ಒಡೆದು ಚೂರಾಗುತ್ತದೆ, ಅಷ್ಟೇ. ಮುಗಿದ ಮೇಲೆ ಊಟ. ಆ ದಿನ ಮನೆಗೆ ಅತಿಥಿ ಇಲ್ಲದಿದ್ದರೆ ಅಶುಭ ಅಂತ ಅವರ ನಂಬಿಕೆ. ಹಾಗಾಗಿ ಪರಊರಿನವರನ್ನು ಕೈ ಹಿಡಿದು ಕರೆಯುತ್ತಾರೆ.

ಜಾಂಜಿಬಾರ್ ಅಂತರರಾಷ್ಟ್ರೀಯ ಚಲನಚಿತ್ರೋತ್ಸವ 1998ರಿಂದ ನಡೆಯುತ್ತಿದೆ. ಇತ್ತೀಚೆಗೆ ಜೂನ್ ಕೊನೆಯಿಂದ ಆಗಸ್ಟ್ ಆರಂಭದ ನಡುವೆ ದಿನ ಅತ್ತಿತ್ತ ಆಗುತ್ತಿದೆ. ನೋಡಿಕೊಂಡು ಹೋಗಿ. ಆಗಸ್ಟ್ 8ರವರೆಗೆ ಇದ್ದರೆ ಮುಖ್ಯ ನೆಲದಲ್ಲಿ ರೈತರ ದಿನ, ಸ್ವಾಹಿಲಿಯಲ್ಲಿ ನಾನೆ ನಾನೆ, ಅಂದರೆ ಎಂಟು ಎಂಟು. ದೊಡ್ಡ ಕೃಷಿ ಮೇಳಗಳಾಗುತ್ತವೆ.

ಬೇರೆ ಕಾಲಕ್ಕೆ ಹೋಗುವವರಿಗೆ: ಸೌಟಿ ಜಾ ಬುಸಾರಾ ಸಂಗೀತೋತ್ಸವ ಫೆಬ್ರವರಿಯಲ್ಲಿ, 2004ರಿಂದ. ಹಳೇ ಕೋಟೆಯ ಅಂಗಳದಲ್ಲಿ ಆಫ್ರಿಕದ ಮೂಲೆ ಮೂಲೆಯ ಹಾಡುಗಾರರು, ಎಲ್ಲವೂ ಎದುರಿಗೇ ಹಾಡಿ ನುಡಿಸುವುದು. ಆದರೆ ರಂಜಾನ್ ಪ್ರತಿ ವರ್ಷ ಹನ್ನೊಂದು ದಿನದಷ್ಟು ಹಿಂದೆ ಸರಿಯುತ್ತದೆ, ಈಗ ಫೆಬ್ರವರಿ ಹತ್ತಿರಕ್ಕೆ ಬಂದಿದೆ. ಎರಡೂ ತಾರೀಖು ನೋಡಿ ಟಿಕೆಟ್ ಮಾಡಿಸಿ. ರಂಜಾನ್‌ನಲ್ಲಿ ಹಗಲು ಸ್ಟೋನ್ ಟೌನ್‌ನ ಹೋಟೆಲುಗಳು ಹೆಚ್ಚಿನವು ಮುಚ್ಚಿರುತ್ತವೆ. ಬೀದಿಯಲ್ಲಿ ತಿನ್ನುವುದು, ಕುಡಿಯುವುದು ಕೂಡದು. ಹಾಗಂತ ಆ ತಿಂಗಳು ಹೋಗಲೇಬಾರದು ಅಂತಲ್ಲ. ಸೂರ್ಯ ಮುಳುಗಿದ ಮೇಲಿನ ಉಪವಾಸ ಬಿಡುವ ಊಟ ನೋಡಬೇಕು. ಖರ್ಜೂರ, ಗಂಜಿ, ತೆಂಗಿನ ಹಾಲಿನಲ್ಲಿ ಬೇಯಿಸಿದ ಮರಗೆಣಸು, ಬಾಳೆಕಾಯಿ. ಸಸ್ಯಾಹಾರಿಗಳಿಗೆ ಅಷ್ಟು ಚೆನ್ನಾದ ಊಟ ಬೇರೆ ದಿನ ಸಿಗುವುದು ಕಷ್ಟ. ಈದ್ ದಿನ ಮಕ್ಕಳು ಹೊಸ ಬಟ್ಟೆ ಹಾಕಿಕೊಂಡು ಬಯಲಿನ ಜಾತ್ರೆಗೆ ಹೋಗುವುದು ನೋಡಲು ಎರಡು ಕಣ್ಣು ಸಾಲದು.

ತುಂಗಾತೀರ

ಮ್ವಾಕಾ ಕೊಗ್ವಾ ನೋಡಲೇಬೇಕು ಅಂತ ಅತ್ತೆ ಹಟ ಹಿಡಿದಿದ್ದಾರೆ! ಯಾರದಾದರೂ ಮನೆಗೆ ಕರೆದರೆ ಬರಿಗೈಯಲ್ಲಿ ಹೋಗುವುದು ಹೇಗೆ? ಊಟಕ್ಕೆ ಕೂತ ಮೇಲೆ ಅತ್ತೆ ಮಾಂಸ ತಿನ್ನಲ್ಲ ಅಂದರೆ ಬೇಸರ ಮಾಡಿಕೊಳ್ಳುತ್ತಾರಾ?

ಹಬ್ಬದ ಸುತ್ತು

ಬೇಸರ ಮಾಡಿಕೊಳ್ಳುವುದಿಲ್ಲ, ಆದರೆ ತಟ್ಟೆ ಬಡಿಸುವ ಮೊದಲೇ ಹೇಳಿಬಿಡಿ. ಮೇಲೆ ದಾರ್‌ನವರು ಬರೆದ ನಾಲ್ಕು ಮಾತು ಸಾಕು. ಪಿಲಾವು ಮಾಂಸದ ಜೊತೆಗೇ ಬೆಂದಿರುತ್ತದೆ, ಮಾಂಸ ಎತ್ತಿಟ್ಟರೂ ಅತ್ತೆಗೆ ಆಗುವುದಿಲ್ಲ. ಬಿಳಿ ಅನ್ನ, ಕಾಳು, ಚಪಾತಿ, ಹಣ್ಣು ಕೇಳಿ. ಬಲಗೈಯಲ್ಲೇ ಊಟ, ನಮಗೆ ಹೇಳಿಕೊಡಬೇಕಿಲ್ಲ. ಚಪ್ಪಲಿ ಹೊರಗೆ. ಗಂಡಸರು ಹೆಂಗಸರು ಬೇರೆ ಬೇರೆ ಕೂರುವುದು ಸಾಮಾನ್ಯ, ಯಜಮಾನರಿಗೆ ಮೊದಲೇ ಹೇಳಿರಿ.

ಕೈಯಲ್ಲಿ ಸಕ್ಕರೆ, ಚಹಾ ಪುಡಿ, ಅಕ್ಕಿ ಹಿಡಿದು ಹೋಗಿ. ಮನೆಗೆ ಬಳಕೆಯಾಗುತ್ತದೆ. ದುಡ್ಡು ಕೊಡುವುದು ಸರಿ ಕಾಣುವುದಿಲ್ಲ. ಊರಿನಿಂದ ಮೈಸೂರು ಪಾಕ್ ತಂದಿದ್ದರೆ ಇನ್ನೂ ಒಳ್ಳೆಯದು. ಹೆಂಗಸರು ಹೆಗಲು, ಮೊಣಕಾಲು ಮುಚ್ಚುವ ಬಟ್ಟೆ ಹಾಕಬೇಕು. ಸೀರೆ ಉಟ್ಟ ಅತ್ತೆಗೆ ಯಾವ ತೊಂದರೆಯೂ ಇಲ್ಲ. ಫೋಟೋ ತೆಗೆಯುವ ಮೊದಲು ಕೇಳಿ.

ಸ್ಟೋನ್ ಟೌನ್‌ನಿಂದ ಮಕುಂಡುಚಿಗೆ ಡಾಲಾಡಾಲಾ ಅಂತ ಕರೆಯುವ, ಊರಿನವರು ಓಡಾಡುವ ವ್ಯಾನು ಹೋಗುತ್ತದೆ. ಆದರೆ ಹಿರಿಯರು ಜೊತೆಗಿದ್ದಾರೆ, ಹಬ್ಬದ ದಿನ ನೂಕುನುಗ್ಗಲು ಜಾಸ್ತಿ. ಕಾರು ಮಾಡಿಕೊಳ್ಳಿ. ಹೊರಡುವ ಮೊದಲು ಹೋಗಿಬರುವ ದರ, ಅಲ್ಲಿ ಕಾಯುವ ಹೊತ್ತು ಎರಡನ್ನೂ ಮಾತಾಡಿ. ಹೋಟೆಲಿನವರನ್ನು ಹಿಂದಿನ ದಿನವೇ ಕೇಳಿದರೆ ಆಟ ಶುರುವಾಗುವ ಹೊತ್ತು ಹೇಳುತ್ತಾರೆ. ಬಿಸಿಲಿಗೆ ಅತ್ತೆಗೆ ಒಂದು ಕೊಡೆ, ನೀರಿನ ಬಾಟಲಿ ಮರೆಯಬೇಡಿ. ಬಯಲಿನಲ್ಲಿ ನೆರಳು ಕಡಿಮೆ.